ಹೈಸ್ಕೂಲು ನ್ಯೂಸ್‌ರೂಮಿಗೆ ಓಬಿಎಸ್ ಸ್ಟುಡಿಯೋ: ಚಿತ್ರಕ್ಕೆ ಫಸ್ಟ್ ಕ್ಲಾಸ್, ಸದ್ದಿಗೆ ಜಸ್ಟ್ ಪಾಸ್

ಓಬಿಎಸ್ ಸ್ಟುಡಿಯೋ ಅಂದರೆ ಗೇಮ್ ಆಡುತ್ತಾ ಲೈವ್ ಬರುವವರ ಸಾಫ್ಟ್‌ವೇರ್ ಎಂದೇ ಬಹಳ ಜನರ ಲೆಕ್ಕ. 2012ರಲ್ಲಿ ಅದು ಹುಟ್ಟಿದ್ದೂ ಆ ಜಗತ್ತಿನಲ್ಲೇ. ಆದರೆ ಹೈಸ್ಕೂಲು ಮಕ್ಕಳಿಗೆ ಟಿವಿ ಸುದ್ದಿ ಕಲಿಸುವವರು ಅದನ್ನು ತೆರೆದು ನೋಡಿದರೆ ಕಾಣುವುದು ಬೇರೆ: ನ್ಯೂಸ್ ಚಾನೆಲ್ಲಿನವರು ಪಿಸಿಆರ್ ಎನ್ನುವ ಕಂಟ್ರೋಲ್ ರೂಮು ಒಂದು ಲ್ಯಾಪ್‌ಟಾಪಿನೊಳಗೆ ಮಡಚಿಕೊಂಡು ಕೂತಿದೆ. ಕಾಸು ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ, ವಿಡಿಯೋ ಮೂಲೆಯಲ್ಲಿ ವಾಟರ್‌ಮಾರ್ಕ್ ಬೀಳುವುದಿಲ್ಲ, ಒಮ್ಮೆ ಇನ್‌ಸ್ಟಾಲ್ ಆಯಿತೆಂದರೆ ಇಂಟರ್ನೆಟ್ ಇಲ್ಲದೆಯೂ ರೆಕಾರ್ಡ್ ಮಾಡುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಲ್ಯಾಬಿನಲ್ಲಿ ಇನ್ನೂ ವಿಂಡೋಸ್ 7 ಯಂತ್ರಗಳಿದ್ದರೆ ಮಾತ್ರ ಇಲ್ಲೇ ನಿಲ್ಲಿ. 2022ರಲ್ಲಿ ಬಂದ 28ನೇ ಆವೃತ್ತಿಯಿಂದ ಅವಕ್ಕೂ 32 ಬಿಟ್ ಯಂತ್ರಗಳಿಗೂ ಬೆಂಬಲ ನಿಂತಿದೆ.

ಇಲ್ಲಿ ಅದನ್ನು ತೂಗಿರುವುದು ಒಂದೇ ಕೆಲಸದ ತಕ್ಕಡಿಯಲ್ಲಿ: ಐದು ನಿಮಿಷದ ಬುಲೆಟಿನ್, ಇಬ್ಬರು ಆಂಕರ್, ಟ್ರೈಪಾಡ್ ಮೇಲೆ ಎರಡು ಕ್ಯಾಮೆರಾ, ಮಕ್ಕಳೇ ಹೊರಗೆ ಹೋಗಿ ತಂದ ಎರಡು ಪ್ಯಾಕೇಜು (ಸಿದ್ಧ ವರದಿಯ ವಿಡಿಯೋ). ಬಿಡಿಬಿಡಿಯಾಗಿ ಚಿತ್ರಿಸಿ ಆಮೇಲೆ ಜೋಡಿಸುವುದಲ್ಲ, ಲೈವ್ ಹೋಗುತ್ತಿರುವ ಹಾಗೆ ಒಂದೇ ಓಟಕ್ಕೆ ರೆಕಾರ್ಡಿಂಗ್. ಎಡಿಟಿಂಗ್ ದಾರಿ ಹಿಡಿದರೆ ಒಬ್ಬ ಮೌಸ್ ಹಿಡಿಯುತ್ತಾನೆ, ಏಳು ಜನ ಬೆನ್ನ ಹಿಂದೆ ನಿಂತು ಆಕಳಿಸುತ್ತಾರೆ. ಆಂಕರ್ ತಪ್ಪಿದರೆ ‘ಆಮೇಲೆ ಕತ್ತರಿಸೋಣ’ ಎನ್ನುವ ಚಟ ಹತ್ತುತ್ತದೆ. ಒಂದೇ ಓಟದ ರೆಕಾರ್ಡಿಂಗ್‌ನಲ್ಲಿ ಸ್ಕ್ರಿಪ್ಟು ಇಪ್ಪತ್ತು ಸೆಕೆಂಡಿಗೆ ಇಪ್ಪತ್ತೇ ಸೆಕೆಂಡು ಇರಬೇಕು, ಎಂಟೂ ಮಕ್ಕಳಿಗೆ ಕೈತುಂಬ ಕೆಲಸ.

ಸ್ಟುಡಿಯೋ ಮೋಡ್

ಸಾಫ್ಟ್‌ವೇರ್ ತೆರೆದ ಕೂಡಲೇ ಒಂದೇ ಪರದೆ ಕಾಣುತ್ತದೆ. ಬಲಗಡೆ ಕೆಳಗಿನ ‘ಸ್ಟುಡಿಯೋ ಮೋಡ್’ ಒತ್ತಿದರೆ ಅದು ಎರಡಾಗುತ್ತದೆ: ಎಡಕ್ಕೆ ಪ್ರಿವ್ಯೂ, ಬಲಕ್ಕೆ ಪ್ರೋಗ್ರಾಂ. ಬಲಗಡೆಯದು ರೆಕಾರ್ಡ್ ಆಗುತ್ತಿರುವುದು, ಎಡಗಡೆಯದು ಮುಂದೆ ಬರಬೇಕಾದ್ದು. ದೊಡ್ಡ ಸ್ಟುಡಿಯೋಗಳ ಸ್ವಿಚರ್ (ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಬದಲಿಸುವ ಯಂತ್ರ) ಕೆಲಸ ಮಾಡುವುದೂ ಇದೇ ಕ್ರಮದಲ್ಲಿ. ಹಾಗಾಗಿ ಇಲ್ಲಿ ಕಲಿತ ‘ಮೊದಲು ಪ್ರಿವ್ಯೂಗೆ ತಾ, ನೋಡು, ಆಮೇಲೆ ಟೇಕ್ ಮಾಡು’ ಎಂಬ ಶಿಸ್ತು ಮುಂದೆ ಯಾವ ಯಂತ್ರದೆದುರು ಕೂತರೂ ಉಪಯೋಗಕ್ಕೆ ಬರುತ್ತದೆ. ಈ ಮೋಡ್ ಇಲ್ಲದಿದ್ದರೆ ಓಬಿಎಸ್ ಅನ್ನು ಶಾಲೆಗೆ ಹೇಳುತ್ತಲೇ ಇರಲಿಲ್ಲ.

ಐದು ಬಗೆಯ ಸೀನ್ (ಪರದೆಯ ಮೇಲೆ ಒಮ್ಮೆಗೆ ಕಾಣುವ ಜೋಡಣೆ) ಸಾಕು: ಟೈಟಲ್, ಆಂಕರ್ 1, ಇಬ್ಬರ ಜೋಡಿ ಶಾಟ್, ವಿಟಿ (ಅಂದರೆ ಮೊದಲೇ ಸಿದ್ಧಪಡಿಸಿದ ಪ್ಯಾಕೇಜು), ಮತ್ತು ಏನಾದರೂ ಕೈಕೊಟ್ಟಾಗ ತೋರಿಸಲು ಒಂದು ಖಾಲಿ ಫಲಕ. ಎರಡು ಪ್ಯಾಕೇಜಿಗೆ ಎರಡು ವಿಟಿ ಸೀನ್ ಮಾಡುವುದೇ ಕ್ಷೇಮ. ಒಂದೇ ಸೀನಿನಲ್ಲಿ ಫೈಲು ಬದಲಿಸುವ ಗಡಿಬಿಡಿಯಲ್ಲಿ ಹಳೆಯ ಸ್ಟೋರಿ ಮತ್ತೆ ಓಡುವುದು ಖಂಡಿತ. ಸೀನಿನೊಳಗಿನ ಒಂದೊಂದು ಕ್ಯಾಮೆರಾ, ವಿಡಿಯೋ, ಚಿತ್ರ, ಮೈಕಿಗೆ ಸೋರ್ಸ್ ಎಂದು ಹೆಸರು. ವಿಟಿಯ ಮೀಡಿಯಾ ಸೋರ್ಸ್‌ನಲ್ಲಿ ‘ರೀಸ್ಟಾರ್ಟ್ ಪ್ಲೇಬ್ಯಾಕ್ ವೆನ್ ಸೋರ್ಸ್ ಬಿಕಮ್ಸ್ ಆ್ಯಕ್ಟಿವ್’ ಎಂಬುದಕ್ಕೆ ಟಿಕ್ ಇರಲಿ. ಆಗ ಪ್ರೋಗ್ರಾಂಗೆ ಬಂದ ಕ್ಷಣದಿಂದಲೇ ಮೊದಲ ಫ್ರೇಮಿನಿಂದ ಶುರುವಾಗುತ್ತದೆ. ಟಿಕ್ ಇಲ್ಲದಿದ್ದರೆ ವಿಡಿಯೋ ಯಾವಾಗಲೋ ಮುಗಿದು ಹೋಗಿ, ಟೇಕ್ ಮಾಡಿದಾಗ ಕಪ್ಪು ಪರದೆ ಕಾಣುತ್ತದೆ.

ಒಂದು ಹಳ್ಳವನ್ನು ಎಲ್ಲರೂ ಒಮ್ಮೆಯಾದರೂ ಬಿದ್ದೇ ತಿಳಿಯುತ್ತಾರೆ. ಆಂಕರ್ 1 ಪ್ರೋಗ್ರಾಂನಲ್ಲಿದ್ದಾಳೆ, ಕೆಳಗೆ ಹೆಸರಿನ ಪಟ್ಟಿ (ಚಾನೆಲ್ ಭಾಷೆಯಲ್ಲಿ ಆಸ್ಟನ್) ಇದೆ. ಅದೇ ಸೀನ್ ಪ್ರಿವ್ಯೂನಲ್ಲೂ ಇದೆ. ಗ್ರಾಫಿಕ್ಸ್ ಹುಡುಗನಿಗೆ ಹೆಸರಿನಲ್ಲಿ ದೀರ್ಘ ಬಿಟ್ಟುಹೋಗಿದ್ದು ಕಾಣುತ್ತದೆ. ಪ್ರಿವ್ಯೂನಲ್ಲಿ ತಾನೇ ತಿದ್ದುತ್ತಿರುವುದು ಎಂದು ಟೆಕ್ಸ್ಟ್ ಸೋರ್ಸ್ ತೆರೆದು ಅಕ್ಷರ ಅಳಿಸುತ್ತಾನೆ. ಪ್ರೋಗ್ರಾಂನಲ್ಲಿ, ರೆಕಾರ್ಡಿಂಗ್ ಓಡುತ್ತಿರುವಾಗಲೇ, ಆಂಕರ್ ಹೆಸರು ಒಂದೊಂದೇ ಅಕ್ಷರ ಕರಗಿ ಮತ್ತೆ ಮೂಡುತ್ತದೆ. ಕಾರಣ ಇಷ್ಟೆ: ಸೀನ್ ಎರಡು ಕಡೆ ಇದ್ದರೂ ಅದರೊಳಗಿನ ಸೋರ್ಸ್ ಒಂದೇ. ಸೋರ್ಸನ್ನು ಅತ್ತಿತ್ತ ಸರಿಸಿದ್ದು ಪ್ರಿವ್ಯೂನಲ್ಲೇ ಉಳಿಯುತ್ತದೆ, ಸೋರ್ಸಿನ ಒಳಗುಣ ಬದಲಿಸಿದ್ದು ಎರಡೂ ಕಡೆ ಒಟ್ಟಿಗೆ ಬದಲಾಗುತ್ತದೆ. ಟ್ರಾನ್ಸಿಶನ್ ಬಟನ್ ಬಳಿಯ ಮೆನುವಿನಲ್ಲಿ ‘ಡುಪ್ಲಿಕೇಟ್ ಸೋರ್ಸಸ್’ ಎಂಬ ಆಯ್ಕೆ ಇದಕ್ಕೆಂದೇ ಇದೆ. ಆದರೆ ಕ್ಯಾಮೆರಾ, ಕ್ಯಾಪ್ಚರ್ ಕಾರ್ಡ್ (ಕ್ಯಾಮೆರಾ ಚಿತ್ರವನ್ನು ಕಂಪ್ಯೂಟರಿಗೆ ತರುವ ಸಾಧನ) ಇರುವ ಸೀನಿನಲ್ಲಿ ಅದನ್ನು ನಂಬುವ ಹಾಗಿಲ್ಲ. ಆಸ್ಟನ್ ಪಟ್ಟಿಗಳನ್ನು ಹಿಂದಿನ ದಿನವೇ ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರಗಳಾಗಿ ಮಾಡಿಟ್ಟುಕೊಳ್ಳುವುದು ಇದಕ್ಕಿಂತ ಒಳ್ಳೆಯದು. ಲಿನಕ್ಸ್‌ನ ಟೆಕ್ಸ್ಟ್ ಸೋರ್ಸ್‌ನಲ್ಲಿ ಕನ್ನಡದ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುವ ಕಾಟವೂ ಇದರಿಂದ ತಪ್ಪುತ್ತದೆ. ಪಿಎನ್‌ಜಿ ಆಗುವ ಮುನ್ನ ಹೆಸರನ್ನು ಹೆಸರಿನವರಿಂದಲೇ ಬರೆಸಿಕೊಂಡು ತಾಳೆ ನೋಡುವ ಪದ್ಧತಿಯನ್ನು ಇಲ್ಲಿಂದಲೇ ಶುರು ಮಾಡಬಹುದು. ಸಾಫ್ಟ್‌ವೇರ್ ಪಾಠದ ಜೊತೆ ಒಂದು ಪತ್ರಿಕೋದ್ಯಮದ ಪಾಠವೂ ಆಯಿತು.

ಟ್ರಾನ್ಸಿಶನ್‌ಗಳಲ್ಲಿ ‘ಕಟ್’ ಮತ್ತು ‘ಫೇಡ್’ ಬಿಟ್ಟು ಉಳಿದದ್ದನ್ನೆಲ್ಲ ಪಟ್ಟಿಯಿಂದ ತೆಗೆದುಹಾಕಿ. ಸ್ಟಿಂಗರ್ (ಚಲಿಸುವ ಗ್ರಾಫಿಕ್ ಹಾಯಿಸಿ ಸೀನ್ ಬದಲಿಸುವ ಟ್ರಾನ್ಸಿಶನ್) ಸಿಕ್ಕಿದ ಮಕ್ಕಳು ಆ ವಾರ ಸುದ್ದಿ ಬರೆಯುವುದಿಲ್ಲ.

ಒಂದೇ ಮೌಸ್ ಎಂಬ ತೊಂದರೆ

ಓಬಿಎಸ್ ಒಬ್ಬ ಮನುಷ್ಯನಿಗೆಂದು ಕಟ್ಟಿದ್ದು. ಸ್ವಿಚರ್, ಸೌಂಡ್, ಗ್ರಾಫಿಕ್ಸ್ ಮೂವರೂ ಒಂದೇ ಮೌಸಿಗೆ ಕೈಚಾಚುವುದೇ ತರಗತಿಯಲ್ಲಿ ಇದರ ದೊಡ್ಡ ಕೊರತೆ. ಸ್ವಿಚರ್‌ಗೆ ಯುಎಸ್‌ಬಿ ನಂಬರ್ ಪ್ಯಾಡ್ ಒಂದನ್ನು ಬೇರೆಯಾಗಿ ಕೊಟ್ಟರೆ ಅರ್ಧ ಜಗಳ ಮುಗಿಯುತ್ತದೆ. ಸೆಟ್ಟಿಂಗ್ಸ್‌ನ ಹಾಟ್‌ಕೀ ಪುಟದಲ್ಲಿ 1ರಿಂದ 6ರವರೆಗಿನ ಕೀಗಳಿಗೆ ಟೈಟಲ್, ಆಂಕರ್ 1, ಜೋಡಿ ಶಾಟ್, ವಿಟಿ 1, ವಿಟಿ 2, ಖಾಲಿ ಫಲಕ ಎಂದು ಹಂಚಿ, ‘ಟ್ರಾನ್ಸಿಶನ್’ ಅನ್ನು ಎಂಟರ್‌ಗೆ ಕೊಡಿ. ಸ್ಟುಡಿಯೋ ಮೋಡ್‌ನಲ್ಲಿ ಅಂಕಿ ಒತ್ತಿದರೆ ಸೀನ್ ಪ್ರಿವ್ಯೂಗೆ ಬರುತ್ತದೆ, ಎಂಟರ್ ಒತ್ತಿದರೆ ಪ್ರೋಗ್ರಾಂಗೆ ಹೋಗುತ್ತದೆ. ನಂಬರ್ ಪ್ಯಾಡಿನ ನಮ್‌ಲಾಕ್ ಆರಿಹೋದರೆ ವಿಂಡೋಸ್‌ನಲ್ಲಿ ಆ ಅಂಕಿಗಳು ಬೇರೆ ಕೀಗಳಾಗಿಬಿಡುತ್ತವೆ, ಒಂದೂ ಕೆಲಸ ಮಾಡುವುದಿಲ್ಲ. ‘ಸಾಫ್ಟ್‌ವೇರ್ ಹ್ಯಾಂಗ್ ಆಯ್ತು ಮೇಡಂ’ ಎಂಬ ದೂರು ಬಂದರೆ ಮೊದಲು ಆ ದೀಪ ನೋಡಿ.

ಸೌಂಡ್ ನೋಡಿಕೊಳ್ಳುವವರಿಗೆ ಮೌಸ್ ಬೇಡ, ಮೈಕುಗಳನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸಿನ ಗುಬುಟುಗಳು ಸಾಕು. ಗ್ರಾಫಿಕ್ಸ್‌ನವರು ಇನ್ನೊಂದು ಕಂಪ್ಯೂಟರಿನಲ್ಲಿ ಪಟ್ಟಿಗಳನ್ನು ಮಾಡಿ ಕೊಟ್ಟುಬಿಡಲಿ. ಅಲ್ಲಿಗೆ ಮೌಸ್ ಹಿಡಿಯುವವರು ಒಬ್ಬರೇ ಉಳಿದರು, ಪಟ್ಟಿಗಳನ್ನು ಕಣ್ಣಿನ ಚಿಹ್ನೆಯಿಂದ ತೋರಿಸಿ ಮರೆಮಾಡುವವರು. ಆ ಮೌಸಿನಿಂದಲೇ ಕ್ಯಾಮೆರಾ ಚಿತ್ರವನ್ನು ಎಳೆದು ಮೂಲೆಗೆ ಸರಿಸುವ ಅಪಾಯವೂ ಇದೆಯಾದ್ದರಿಂದ ಪ್ರತಿ ಸೋರ್ಸಿನ ಪಕ್ಕದ ಬೀಗದ ಚಿಹ್ನೆ ಹಾಕಿರಬೇಕು.

ವಿಟಿ ಓಡುವಾಗ ಎಷ್ಟು ಸೆಕೆಂಡು ಉಳಿದಿದೆ ಎಂದು ತಿಳಿಯುವುದು ಬುಲೆಟಿನ್ನಿನ ಜೀವ. ಓಬಿಎಸ್ ಇಲ್ಲಿ ಅರ್ಧ ದಾರಿಗೆ ಕೈಬಿಡುತ್ತದೆ. ಮೀಡಿಯಾ ಸೋರ್ಸ್ ಆಯ್ಕೆಯಾಗಿದ್ದಾಗ ಕೆಳಗಿನ ಪಟ್ಟಿಯಲ್ಲಿ ಸಮಯ ಓಡುತ್ತದೆ ನಿಜ, ಆದರೆ ಮುಂದಿನ ಸೀನನ್ನು ಪ್ರಿವ್ಯೂಗೆ ತಂದ ಕೂಡಲೇ ಆ ಪಟ್ಟಿ ಹೊಸ ಸೀನಿನದಾಗುತ್ತದೆ. ಕೌಂಟ್‌ಡೌನ್ ಬೇಕೇ ಬೇಕಾದ ಹೊತ್ತಿಗೆ ಕಣ್ಮರೆ! ಹಾಗಾಗಿ ರನ್‌ಡೌನ್ ಹಾಳೆಯಲ್ಲಿ (ಬುಲೆಟಿನ್ನಿನ ಅನುಕ್ರಮ ಪಟ್ಟಿಯಲ್ಲಿ) ಪ್ರತಿ ವಿಟಿಯ ಮುಂದೆ ಒಟ್ಟು ಅವಧಿ ಮತ್ತು ಔಟ್ ಕ್ಯೂ, ಅಂದರೆ ಪ್ಯಾಕೇಜಿನಲ್ಲಿ ಕೇಳುವ ಕೊನೆಯ ನಾಲ್ಕೈದು ಪದ, ಬರೆದಿಡಬೇಕು. ನಿರ್ದೇಶನ ಮಾಡುವ ವಿದ್ಯಾರ್ಥಿ ಸ್ಟಾಪ್‌ವಾಚ್ ಹಿಡಿದು ಹೀಗೆ ಹೇಳುತ್ತಾಳೆ: ‘ವಿಟಿ ಒಂದು, ಸ್ಟ್ಯಾಂಡ್‌ಬೈ... ಟೇಕ್.’ ಒಂದು ನಿಮಿಷ ಹದಿನೈದು ಸೆಕೆಂಡಿನ ಪ್ಯಾಕೇಜಿನಲ್ಲಿ ಒಂದು ನಿಮಿಷ ಐದಕ್ಕೆ, ‘ಹತ್ತು ಸೆಕೆಂಡು, ಜೋಡಿ ಶಾಟ್ ಪ್ರಿವ್ಯೂಗೆ, ಮೈಕ್ ಸ್ಟ್ಯಾಂಡ್‌ಬೈ.’ ಐದರಿಂದ ಎಣಿಕೆ. ಫ್ಲೋರ್ ಮ್ಯಾನೇಜರ್ ಬೆರಳುಗಳಲ್ಲಿ ಅದನ್ನೇ ಆಂಕರ್‌ಗೆ ತೋರಿಸುತ್ತಾನೆ. ‘ಮೈಕ್ ಆನ್, ಟೇಕ್, ಕ್ಯೂ.’ ಈ ಮೂರು ಪದಗಳ ಕ್ರಮ ತಪ್ಪಿದರೆ ಆಂಕರ್‌ನ ಮೊದಲ ಪದ ನುಂಗಿಹೋಗುತ್ತದೆ.

ಸದ್ದು

ಓಬಿಎಸ್ ಸೋಲುವುದು ಇಲ್ಲಿ. ಕೆಟ್ಟದೆಂದಲ್ಲ, ತಪ್ಪಾದರೆ ಬಾಯಿಬಿಟ್ಟು ಹೇಳುವುದಿಲ್ಲ. ಚಿತ್ರ ಕೆಟ್ಟರೆ ಎಂಟು ಜೊತೆ ಕಣ್ಣಿಗೆ ಬೀಳುತ್ತದೆ. ಸದ್ದು ಕೆಟ್ಟಿದ್ದು ಗೊತ್ತಾಗುವುದು ಮರುದಿನ ಎಲ್ಲರೂ ಕೂತು ನೋಡುವಾಗ.

ಮೊದಲನೆಯದು, ವಿಟಿಯ ಸದ್ದು ಹೆಡ್‌ಫೋನಿನಲ್ಲಿ ಕೇಳಿಸುವುದೇ ಇಲ್ಲ. ಮಿಕ್ಸರಿನಲ್ಲಿ ಹಸಿರು ಪಟ್ಟಿ ಕುಣಿಯುತ್ತಿರುತ್ತದೆ, ಕಿವಿಯಲ್ಲಿ ನಿಶ್ಶಬ್ದ. ಆಡಿಯೋ ಮಾನಿಟರಿಂಗ್ ತಾನಾಗಿ ಆಫ್ ಇರುವುದೇ ಕಾರಣ. ‘ಅಡ್ವಾನ್ಸ್‌ಡ್ ಆಡಿಯೋ ಪ್ರಾಪರ್ಟೀಸ್’ ತೆರೆದು ಆ ಸೋರ್ಸಿಗೆ ‘ಮಾನಿಟರ್ ಆ್ಯಂಡ್ ಔಟ್‌ಪುಟ್’ ಆರಿಸಿ. ‘ಮಾನಿಟರ್ ಓನ್ಲಿ’ ಆರಿಸಿದರೆ ಕಿವಿಗೆ ಕೇಳುತ್ತದೆ, ರೆಕಾರ್ಡ್ ಆಗುವುದಿಲ್ಲ, ಇದು ಇನ್ನೂ ಮೋಸ. ಜೊತೆಗೆ ಸೆಟ್ಟಿಂಗ್ಸ್‌ನ ಆಡಿಯೋ ಪುಟದಲ್ಲಿ ‘ಡೆಸ್ಕ್‌ಟಾಪ್ ಆಡಿಯೋ’ವನ್ನು ಡಿಸೇಬಲ್ ಮಾಡಿ. ಅದು ತೆರೆದಿದ್ದರೆ ಮಾನಿಟರಿಗೆ ಹೋದ ಸದ್ದು ತಿರುಗಿ ಒಳಗೆ ಬಂದು ಪ್ರತಿಧ್ವನಿಯಾಗಬಹುದು, ಕಂಪ್ಯೂಟರಿನ ಮೆಸೇಜ್ ಟಣ್‌ಟಣ್‌ಗಳೂ ಬುಲೆಟಿನ್ ಸೇರುತ್ತವೆ.

ಎರಡನೆಯದು, ಎರಡು ಮೈಕು. ಎರಡು ಯುಎಸ್‌ಬಿ ಮೈಕು ಹಾಕಿದರೆ ಎರಡಕ್ಕೂ ಬೇರೆ ಬೇರೆ ಫೇಡರ್ (ಸದ್ದು ಏರಿಳಿಸುವ ಪಟ್ಟಿ) ಸಿಗುತ್ತದೆ, ಆದರೆ ಒಂದೇ ಮಾದರಿಯವಾದರೆ ಪಟ್ಟಿಯಲ್ಲಿ ಯಾವುದು ಯಾರದೆಂದು ತಿಳಿಯುವುದಿಲ್ಲ, ಪೋರ್ಟ್ ಬದಲಿಸಿದರೆ ಮತ್ತೆ ಅದಲುಬದಲು. ಎರಡು ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್ ಮತ್ತು ಎರಡು ಡೈನಮಿಕ್ ಮೈಕು ಇದಕ್ಕಿಂತ ಗಟ್ಟಿ ಏರ್ಪಾಡು. ಡೈನಮಿಕ್ ಮೈಕು ಫ್ಯಾನಿನ ಸದ್ದು, ಪಕ್ಕದ ಕ್ಲಾಸಿನ ಗದ್ದಲವನ್ನು ಕಂಡೆನ್ಸರ್‌ನಷ್ಟು ಎಳೆದುಕೊಳ್ಳುವುದಿಲ್ಲ. ಬಾಯಿಂದ ಒಂದು ಗೇಣಿಗಿಂತ ಹತ್ತಿರ, 10ರಿಂದ 15 ಸೆಂಟಿಮೀಟರಿನಲ್ಲಿರಬೇಕು ಅಷ್ಟೆ. ಆದರೆ ಓಬಿಎಸ್ ಈ ಇಂಟರ್‌ಫೇಸನ್ನು ಒಂದೇ ಸ್ಟೀರಿಯೋ ಸೋರ್ಸ್ ಎಂದು ತೆಗೆದುಕೊಳ್ಳುತ್ತದೆ. ಫಲಿತಾಂಶ: ಒಬ್ಬ ಆಂಕರ್ ಎಡಗಿವಿಯಲ್ಲಿ, ಇನ್ನೊಬ್ಬ ಬಲಗಿವಿಯಲ್ಲಿ. ‘ಮೋನೋ’ಗೆ ಟಿಕ್ ಹಾಕಿದರೆ ಇಬ್ಬರೂ ನಡುವಿಗೆ ಬರುತ್ತಾರೆ, ಆದರೆ ಫೇಡರ್ ಒಂದೇ ಉಳಿಯುತ್ತದೆ. ಮೆಲುದನಿಯವಳನ್ನು ಏರಿಸುವುದು, ಜೋರುಗಂಟಲಿನವನನ್ನು ಇಳಿಸುವುದು ಎಲ್ಲ ಇಂಟರ್‌ಫೇಸಿನ ಗೇನ್ (ಮೈಕಿನ ಸದ್ದಿನ ಮಟ್ಟ) ಗುಬುಟಿನಲ್ಲೇ ಆಗಬೇಕು. ಪ್ಲಗಿನ್ ಹಾಕಿ ಬೇರ್ಪಡಿಸುವ ದಾರಿಗಳಿವೆ, ಶಾಲೆಯ ಯಂತ್ರಕ್ಕೆ ಅಷ್ಟು ಉಸಾಬರಿ ಬೇಡ.

ಗೇನ್ ಎಷ್ಟು? ಓಬಿಎಸ್ ಮೀಟರು ಮೈನಸ್ 20 ಡೆಸಿಬೆಲ್‌ವರೆಗೆ ಹಸಿರು, ಅಲ್ಲಿಂದ ಮೈನಸ್ 9ರವರೆಗೆ ಹಳದಿ, ಮೇಲೆ ಕೆಂಪು. ಮಾತು ಹಳದಿಯಲ್ಲಿ ಆಡುತ್ತಿರಲಿ, ಕೆಂಪು ಮುಟ್ಟುವುದು ನಗು ಬಂದಾಗ ಮಾತ್ರ. ಪರೀಕ್ಷಿಸುವಾಗ ‘ಹಲೋ ಹಲೋ’ ಅನ್ನಿಸಬೇಡಿ, ಅದನ್ನು ಎಲ್ಲರೂ ಮೆಲ್ಲಗೆ ಅನ್ನುತ್ತಾರೆ. ಮುಖ್ಯಾಂಶಗಳನ್ನೇ ಓದಿಸಿ.

ಫಿಲ್ಟರುಗಳು ಮೇಲಿನಿಂದ ಕೆಳಕ್ಕೆ ಕೆಲಸ ಮಾಡುತ್ತವೆ, ಆದ್ದರಿಂದ ಕ್ರಮ ಮುಖ್ಯ: ನಾಯ್ಸ್ ಸಪ್ರೆಶನ್ (ಗದ್ದಲ ತಗ್ಗಿಸುವುದು), ಕಂಪ್ರೆಸರ್ (ದನಿಯ ಏರಿಳಿತ ಕುಗ್ಗಿಸುವುದು), ಕೊನೆಯಲ್ಲಿ ಲಿಮಿಟರ್ (ಸದ್ದು ಮಿತಿ ಮೀರದಂತೆ ತಡೆಯುವುದು). ಕಂಪ್ರೆಸರ್ ಮೊದಲು ಬಂದರೆ ಅದು ಫ್ಯಾನಿನ ಸದ್ದನ್ನೂ ಮಾತಿನ ಮಟ್ಟಕ್ಕೆ ತಂದಿಟ್ಟು, ಆಮೇಲೆ ಅದನ್ನು ತೆಗೆ ಎಂದು ಸಪ್ರೆಶನ್‌ಗೆ ಕೊಟ್ಟ ಹಾಗಾಗುತ್ತದೆ. ಕಂಪ್ರೆಸರ್ ತಾನಾಗಿ 10:1ರಲ್ಲಿ ಬರುತ್ತದೆ. ಸುದ್ದಿ ಓದುವ ದನಿಗೆ ಅದು ಕತ್ತು ಹಿಸುಕಿದ ಹಾಗೆ, 3:1 ಸಾಕು. ಸಪ್ರೆಶನ್‌ನಲ್ಲಿ ಆರ್‌ಎನ್‌ನಾಯ್ಸ್ ಆಯ್ಕೆ ಚೆನ್ನಾಗಿದೆ, ಆದರೆ ಮೈಕು ದೂರವಿದ್ದರೆ ಸ, ಶ, ಹ ಅಕ್ಷರಗಳನ್ನೂ ಗದ್ದಲವೆಂದು ತಿಳಿದು ಒರೆಸಿಬಿಡುತ್ತದೆ. ನಾಯ್ಸ್ ಗೇಟ್ ಬೇಡವೇ ಬೇಡ. ವಾಕ್ಯದ ಕೊನೆಯಲ್ಲಿ ದನಿ ಇಳಿಸುವ ಮಕ್ಕಳ ಕ್ರಿಯಾಪದವನ್ನೇ ಅದು ಕತ್ತರಿಸುತ್ತದೆ, ಕನ್ನಡದಲ್ಲಿ ಕ್ರಿಯಾಪದ ಹೋದರೆ ಸುದ್ದಿಯೇ ಹೋಯಿತು.

ಇನ್ನು ತುಟಿಗೂ ಮಾತಿಗೂ ತಾಳ. ಎಚ್‌ಡಿಎಂಐ ಕ್ಯಾಪ್ಚರ್ ಕಾರ್ಡಿನ ಮೂಲಕ ಬರುವ ಚಿತ್ರ ಕೆಲವು ಫ್ರೇಮು ತಡವಾಗಿ ತಲುಪುತ್ತದೆ, ಮೈಕಿನ ಸದ್ದು ನೇರ ಬರುತ್ತದೆ. ಅಳೆಯುವುದು ಸುಲಭ: ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡಿ, ಯಾವುದಾದರೂ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಸದ್ದಿನ ಮೊನೆಯಿಂದ ಕೈ ಸೇರುವ ಚಿತ್ರದವರೆಗೆ ಫ್ರೇಮುಗಳನ್ನು ಎಣಿಸಿ. ಸೆಕೆಂಡಿಗೆ 30 ಫ್ರೇಮಿನಲ್ಲಿ ಒಂದು ಫ್ರೇಮಿಗೆ ಸುಮಾರು 33 ಮಿಲಿಸೆಕೆಂಡು. ನಾಲ್ಕು ಫ್ರೇಮು ಬಂದರೆ ಮೈಕಿನ ‘ಸಿಂಕ್ ಆಫ್‌ಸೆಟ್’ನಲ್ಲಿ 133 ಹಾಕಿ. ಎರಡು ಕ್ಯಾಮೆರಾ ಬೇರೆ ಬೇರೆ ದಾರಿಯಲ್ಲಿ ಬರುತ್ತಿದ್ದರೆ, ಒಂದು ವೆಬ್‌ಕ್ಯಾಮ್, ಇನ್ನೊಂದು ಕ್ಯಾಪ್ಚರ್ ಕಾರ್ಡ್, ತಡವೂ ಬೇರೆ ಬೇರೆ. ಮೈಕಿಗೆ ಕೊಡಬಹುದಾದ್ದು ಒಂದೇ ಅಂಕಿ. ಆದಷ್ಟೂ ಒಂದೇ ಬಗೆಯ ಎರಡು ಕ್ಯಾಮೆರಾ ಇಡಿ ಎನ್ನುವುದು ಇದಕ್ಕೇ. ಇಂಟರ್‌ಫೇಸ್, ವಿಂಡೋಸ್, ಓಬಿಎಸ್ ಮೂರರ ಸ್ಯಾಂಪಲ್ ರೇಟೂ (ಸೆಕೆಂಡಿಗೆ ಸದ್ದನ್ನು ಅಳೆಯುವ ಲೆಕ್ಕ) 48 ಕಿಲೋಹರ್ಟ್ಸ್‌ನಲ್ಲಿರಲಿ.

ಫೋನು, ಬೆಳಕು, ಫೈಲು

ಮಕ್ಕಳು ಫೋನಿನಲ್ಲಿ ಚಿತ್ರಿಸಿ ತರುವ ವಿಡಿಯೋದಲ್ಲಿ ಫ್ರೇಮಿನ ವೇಗ ಬೆಳಕಿಗೆ ತಕ್ಕಂತೆ ಏರಿಳಿಯುತ್ತಿರುತ್ತದೆ. ನೇರ ಎಡಿಟಿಂಗಿಗೆ ಹಾಕಿದರೆ ಬೈಟಿನ (ಮಾತಾಡಿಸಿದವರ ಮಾತಿನ ತುಣುಕಿನ) ಕೊನೆಯ ಹೊತ್ತಿಗೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಮೊದಲು ಹ್ಯಾಂಡ್‌ಬ್ರೇಕ್‌ನಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಬದಲಿಸಿಕೊಳ್ಳಬೇಕು. ಓಬಿಎಸ್ ಎಡಿಟರ್ ಅಲ್ಲ, ಪ್ಯಾಕೇಜು ಕಟ್ಟಲು ಬೇರೆ ಬೇಕೇ ಬೇಕು. ಸಾಧಾರಣ ಯಂತ್ರಕ್ಕೆ ಶಾಟ್‌ಕಟ್ ಅಥವಾ ಕೆಡೆನ್‌ಲೈವ್, ಒಳ್ಳೆಯ ಗ್ರಾಫಿಕ್ಸ್ ಕಾರ್ಡಿದ್ದರೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ.

ಕ್ಯಾಮೆರಾಗಳಲ್ಲಿ ಆಟೋ ಫೋಕಸ್, ಆಟೋ ವೈಟ್ ಬ್ಯಾಲೆನ್ಸ್ ಎರಡೂ ಆಫ್. ಟ್ಯೂಬ್‌ಲೈಟಿನಲ್ಲಿ ಚಿತ್ರ ಮಿಣಮಿಣ ಎಂದರೆ ಶಟರ್ ನೋಡಿ: 50 ಹರ್ಟ್ಸ್ ವಿದ್ಯುತ್ತಿರುವಲ್ಲಿ 1/50 ಅಥವಾ 1/100, 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/120. ಎರಡು ವೆಬ್‌ಕ್ಯಾಮನ್ನು ಒಂದೇ ಯುಎಸ್‌ಬಿ ಹಬ್ಬಿಗೆ ಸಿಕ್ಕಿಸಿದರೆ ಎರಡನೆಯದು ಕಪ್ಪಾಗಿ ಕೂರುವುದು ಮಾಮೂಲು, ಹಬ್ಬಿನ ದಾರಿ ಇಬ್ಬರಿಗೆ ಸಾಲದು. ಕಂಪ್ಯೂಟರಿನ ಬೇರೆ ಬೇರೆ ಪೋರ್ಟಿಗೆ ಹಾಕಿ.

ರೆಕಾರ್ಡಿಂಗ್ ಎಂಕೆವಿ ರೂಪದಲ್ಲೇ ಇರಲಿ. ನಡುವೆ ಕರೆಂಟು ಹೋದರೆ ಸಾಮಾನ್ಯ ಎಂಪಿ4 ಫೈಲು ಇಡಿಯಾಗಿ ಹಾಳು, ಏಕೆಂದರೆ ಫೈಲಿನೊಳಗಿನ ವಿಳಾಸಪಟ್ಟಿ ಬರೆಯುವುದು ಕೊನೆಯಲ್ಲಿ. ಎಂಕೆವಿ ಆದರೆ ಕರೆಂಟು ಹೋದ ಕ್ಷಣದವರೆಗಿನದು ಉಳಿಯುತ್ತದೆ. ಆಮೇಲೆ ಫೈಲ್ ಮೆನುವಿನ ‘ರೀಮಕ್ಸ್ ರೆಕಾರ್ಡಿಂಗ್ಸ್’ನಿಂದ ಎಂಪಿ4 ಮಾಡಿಕೊಳ್ಳಬಹುದು, ಗುಣಮಟ್ಟ ಕೂದಲೆಳೆಯಷ್ಟೂ ಇಳಿಯುವುದಿಲ್ಲ. 1280×720, ಸೆಕೆಂಡಿಗೆ 30 ಫ್ರೇಮು, 6 ಮೆಗಾಬಿಟ್ ಲೆಕ್ಕದಲ್ಲಿ ಹತ್ತು ನಿಮಿಷಕ್ಕೆ ಸುಮಾರು 450 ಎಂಬಿ. ಚಿತ್ರ ತಡವರಿಸಿದರೆ ‘ಸ್ಟ್ಯಾಟ್ಸ್’ ತೆರೆಯಿರಿ: ಎನ್‌ಕೋಡಿಂಗ್‌ನಿಂದ ಬಿಟ್ಟುಹೋದ ಫ್ರೇಮು ಹೆಚ್ಚಿದ್ದರೆ ಪ್ರೊಸೆಸರ್ ಸೋತಿದೆ, ಎಕ್ಸ್264 ಬಿಟ್ಟು ಗ್ರಾಫಿಕ್ಸ್ ಚಿಪ್ಪಿನ ಎನ್‌ಕೋಡರ್ ಆರಿಸಿ. ರೆಂಡರಿಂಗ್‌ನಲ್ಲಿ ಹೆಚ್ಚಿದ್ದರೆ ಗ್ರಾಫಿಕ್ಸ್ ಚಿಪ್ಪೇ ಸೋತಿದೆ, ಸೀನುಗಳನ್ನು ಹಗುರ ಮಾಡಿ.

‘ಸ್ಟಾರ್ಟ್ ಸ್ಟ್ರೀಮಿಂಗ್’ ಮತ್ತು ‘ಸ್ಟಾರ್ಟ್ ರೆಕಾರ್ಡಿಂಗ್’ ಒಂದರ ಕೆಳಗೊಂದು ಇರುವುದು ಶಾಲೆಯ ದೃಷ್ಟಿಯಿಂದ ಕೆಟ್ಟ ವಿನ್ಯಾಸ. ಸ್ಟ್ರೀಮ್ ಕೀ (ಲೈವ್ ಹೋಗಲು ಬೇಕಾದ ಗುಪ್ತ ಸಂಕೇತ) ತುಂಬಲೇ ಬೇಡಿ. ಮಕ್ಕಳ ಮುಖವಿರುವ ಬುಲೆಟಿನ್ ಪೋಷಕರ ಒಪ್ಪಿಗೆ, ಶಿಕ್ಷಕರ ಕಣ್ಣು ಎರಡೂ ದಾಟದೆ ಹೊರಗೆ ಹೋಗುವಂತಿಲ್ಲ. ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ‘ರೆಕಾರ್ಡಿಂಗ್ ನಿಲ್ಲಿಸುವಾಗ ಕೇಳು’ ಎಂಬ ಅರ್ಥದ ಟಿಕ್ ಇದೆ, ಹಾಕಿಡಿ.

ಯಂತ್ರವೇ ಬೇಕೆಂದರೆ

ಬ್ಲ್ಯಾಕ್‌ಮ್ಯಾಜಿಕ್‌ನ ಎಟಿಇಎಂ ಮಿನಿ ಎಂಬ ಸ್ವಿಚರ್ ಪೆಟ್ಟಿಗೆ 2019ರಲ್ಲಿ ಬಂದದ್ದು: ನಾಲ್ಕು ಎಚ್‌ಡಿಎಂಐ ಇನ್‌ಪುಟ್, 3.5 ಮಿಲಿಮೀಟರಿನ ಎರಡು ಮೈಕ್ ಇನ್‌ಪುಟ್, ಒತ್ತಿದರೆ ಬೆಳಗುವ ನಿಜವಾದ ಬಟನ್ನುಗಳು. ಕ್ಯಾಮೆರಾಗಳ ನಡುವಿನ ತಾಳ ಅದೇ ಸರಿಮಾಡಿಕೊಳ್ಳುತ್ತದೆ, ಎರಡು ಮೈಕಿಗೂ ಬೇರೆ ಬೇರೆ ಹಿಡಿತವಿದೆ. ಓಬಿಎಸ್‌ನ ಎರಡು ದೊಡ್ಡ ನೋವಿಗೂ ಮದ್ದು. ಕ್ಯಾಮೆರಾದಲ್ಲಿ ಶುದ್ಧ ಎಚ್‌ಡಿಎಂಐ ಔಟ್ ಇರಬೇಕು, ಇಲ್ಲವಾದರೆ ಬ್ಯಾಟರಿ ಚಿಹ್ನೆ, ಫೋಕಸ್ ಚೌಕ ಎಲ್ಲ ಬುಲೆಟಿನ್ನಿಗೆ ಬರುತ್ತವೆ. ಮೊದಲ ವರ್ಷ ಓಬಿಎಸ್ ಒಂದರಲ್ಲೇ ನಡೆಸಿ, ಬುಲೆಟಿನ್ ನಿಯಮಿತವಾಗಿ ಬರತೊಡಗಿದ ಮೇಲೆ ಇದನ್ನು ತಂದು ಯುಎಸ್‌ಬಿಯಲ್ಲಿ ಓಬಿಎಸ್‌ಗೆ ಒಂದೇ ಕ್ಯಾಮೆರಾದಂತೆ ಜೋಡಿಸಿಕೊಳ್ಳಬಹುದು. ಆಗ ವಿಟಿ, ಆಸ್ಟನ್, ರೆಕಾರ್ಡಿಂಗ್ ಓಬಿಎಸ್‌ನಲ್ಲಿ, ಕ್ಯಾಮೆರಾ ಮತ್ತು ಮೈಕು ಪೆಟ್ಟಿಗೆಯಲ್ಲಿ.

ಯಾವುದನ್ನೇ ಬಳಸಿ, ಪಿರಿಯಡ್ ಮುಗಿಯಲು ಐದು ನಿಮಿಷವಿರುವಾಗ ಕೈಕೆಲಸ ನಿಲ್ಲಿಸಿ. ‘ಸೀನ್ ಕಲೆಕ್ಷನ್’ ಮೆನುವಿನಿಂದ ಎಕ್ಸ್‌ಪೋರ್ಟ್ ಮಾಡಿ ಪೆನ್ ಡ್ರೈವಿಗೆ ಹಾಕಿ. ಆ ಫೈಲಿನಲ್ಲಿ ಸೀನುಗಳ ನಕ್ಷೆ ಮಾತ್ರ ಇರುತ್ತದೆ, ವಿಡಿಯೋ, ಪಿಎನ್‌ಜಿಗಳು ಇರುವುದಿಲ್ಲ, ಅವುಗಳ ಫೋಲ್ಡರನ್ನೂ ಜೊತೆಗೇ ಕಾಪಿ ಮಾಡಬೇಕು. ಎಲ್ಲ ಯಂತ್ರಗಳಲ್ಲೂ ಆ ಫೋಲ್ಡರ್ ಒಂದೇ ಡ್ರೈವಿನಲ್ಲಿ, ಒಂದೇ ಹೆಸರಿನಲ್ಲಿರಲಿ. ಇಲ್ಲದಿದ್ದರೆ ಮುಂದಿನ ತಂಡ ತೆರೆದಾಗ ‘ಮಿಸ್ಸಿಂಗ್ ಫೈಲ್ಸ್’ ಎಂಬ ಉದ್ದನೆಯ ಪಟ್ಟಿ ಎದುರಾಗುತ್ತದೆ.